ಗೌಡರು ಆಡದ ಮಾತು

ನಮ್ಮೂರಿಗೂ ತೆಲಂಗಾಣದ ಮೊದಲ ಊರಿಗೂ ನಡುವೆ ಒಂದು ಹಳ್ಳವಿದೆ. ಬೇಸಿಗೆಯಲ್ಲಿ ಅದನ್ನು ಮೇಕೆಮರಿಯೂ ದಾಟುತ್ತದೆ. ಹಳ್ಳಕ್ಕೆ ಅಡ್ಡ ನೀರು ನಿಲ್ಲಿಸುವ ಒಂದು ಬಾಂದಾರ, ಬಾಂದಾರಕ್ಕೆ ಆರು ಕಬ್ಬಿಣದ ಗೇಟು, ಮೇಲೆ ಒಂದು ಗಾಡಿ ಹೋಗುವಷ್ಟು ದಾರಿ. ನನ್ನವ್ವ ಆ ದಾರಿಯಲ್ಲೇ ಸೊಸೆಯಾಗಿ ಈಚೆ ಬಂದಳು, ನನ್ನಕ್ಕ ಅದೇ ದಾರಿಯಲ್ಲಿ ಸೋದರಮಾವನ ಮನೆಗೆ ಸೊಸೆಯಾಗಿ ಆಚೆ ಹೋದಳು. ಸರಕಾರಕ್ಕೆ ಅದು ರಾಜ್ಯದ ಗಡಿ, ನಮಗೆ ಬೀಗರ ಮನೆಯ ದಾರಿ.

ಎರಡು ವರ್ಷದ ಹಿಂದೆ ಮಳೆ ಅರ್ಧಕ್ಕೇ ನಿಂತಾಗ ನಮ್ಮವರು ಗೇಟು ಬೇಗ ಇಳಿಸಿ ನೀರು ತಡೆದುಬಿಟ್ಟರು. ಕೆಳಗೆ ಅವರ ಬಾವಿಗಳು ಬತ್ತಿದವು. ಒಂದು ಬೆಳಿಗ್ಗೆ ನೋಡಿದರೆ ಬಾಂದಾರದಲ್ಲಿ ಗೇಟುಗಳೇ ಇಲ್ಲ, ಆರೂ ಅವರ ಊರ ಚಾವಡಿಯಲ್ಲಿ ಗೋಡೆಗೆ ಒರಗಿವೆ. ನಮ್ಮವರು ಬಾಂದಾರದ ಮೇಲೆ ಜಾಲಿಮುಳ್ಳು ಎಳೆದು ದಾರಿ ಮುಚ್ಚಿದರು. ಎರಡೂ ಊರಲ್ಲಿ ಕಟ್ಟಳೆಯಾಯಿತು: ಹೋಗುವುದಿಲ್ಲ, ಬರುವುದಿಲ್ಲ, ಒಬ್ಬರದೊಬ್ಬರು ನೀರೂ ಮುಟ್ಟುವುದಿಲ್ಲ. ಡಾಂಬರು ರಸ್ತೆಯಲ್ಲಿ ಸುತ್ತು ಹಾಕಿ ಬರಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬರಬಹುದಿತ್ತು. ಮರುದಿನದಿಂದ ಆ ಮನೆಯವರಿಗೆ ಊರಲ್ಲಿ ಬೆಂಕಿಕಡ್ಡಿಯೂ ಹುಟ್ಟುತ್ತಿರಲಿಲ್ಲ.

ಆಗ ಅಕ್ಕನಿಗೆ ಏಳು ತಿಂಗಳು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು. ಅವ್ವ ಕೂಸಿಗೆಂದು ಹಳೆ ಸೀರೆಗಳನ್ನು ಜೋಡಿಸಿ ಕೌದಿ ಹೊಲಿಯಲು ಕುಳಿತಿದ್ದಳು.

ಕಚೇರಿಗಳೇನು ಸುಮ್ಮನೆ ಕೂರಲಿಲ್ಲ. ಚಿಂಚೋಳಿಯಿಂದ ಒಂದು ಕಾಗದ ಹೊರಟಿತು. ಅದು ಕಲಬುರಗಿ, ಬೆಂಗಳೂರು, ಹೈದರಾಬಾದು ನೋಡಿಕೊಂಡು ಹಳ್ಳದ ಆಚೆ ದಂಡೆಗೆ ಬರಬೇಕಿತ್ತು. ಕಾಗದದ ಮೇಲೆ ನನಗೆ ದೂರಿಲ್ಲ. ಈಗಲೂ ಅದು ದಾರಿಯಲ್ಲಿರಬಹುದು.

ಕೊನೆಗೆ ಹಿರಿಯರೇ ಮಾತಿಗೆ ಕೂರುವುದೆಂದಾಯಿತು. ಭಾನುವಾರ, ದಂಡೆಯ ಬೇವಿನ ಮರದ ಕೆಳಗೆ, ಊರಿಗೆ ಹತ್ತು ಜನ. ನಮ್ಮ ಕಡೆ ಮಾತು ಹಿರಿಯ ಗೌಡರದು, ಅವರ ಕಡೆ ನನ್ನ ಸೋದರಮಾವನದು. ನಡುವೆ ತೆಲುಗನ್ನು ಕನ್ನಡಕ್ಕೂ ಕನ್ನಡವನ್ನು ತೆಲುಗಿಗೂ ತಿರುಗಿಸಿ ಹೇಳಲು ನಾನು. ಊರ ಶಾಲೆಯ ಟೀಚರ್, ಮೇಲಾಗಿ ಎರಡೂ ಕಡೆಯ ಮಗಳು. ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು.

ಮೊದಲ ತಾಸು ತೊಗರಿ, ಹವಾ, ಯಾರ ಮನೆಯ ಎಮ್ಮೆ ಈದಿತು ಎಂಬುದರಲ್ಲಿ ಹೋಯಿತು. ನಮ್ಮವರು ಕೊಟ್ಟ ಚಹಾ ಅವರ ಮುಂದೆ ಆರಿತು, ಕಟ್ಟಳೆಯಂತೆ ಯಾರೂ ಮುಟ್ಟಲಿಲ್ಲ. ಆಮೇಲೆ ಗೌಡರು, "ನಿಮ್ಮೂರಾಗ ಇರೋರೆಲ್ಲಾ ಕಳ್ಳರೇ ಅದೀರಿ" ಎಂದರು. ನಾನು ಒಂದಕ್ಷರ ಬಿಡದೆ, ಕೂಡಲೇ, ಸ್ವಚ್ಛ ತೆಲುಗಿನಲ್ಲಿ ಹೇಳಿದೆ. ಇಪ್ಪತ್ತು ಜನವೂ ಟವೆಲ್ ಕೊಡವಿ ಎದ್ದರು. 'ಮಾತು ಬಲ್ಲವನಿಗೆ ಜಗಳವಿಲ್ಲ' ಎಂದು ಮಕ್ಕಳಿಂದ ಕಾಪಿ ಬರೆಸುವವಳು ನಾನೇ.

ಮರುದಿನ ಮಾವ ಫೋನ್ ಮಾಡಿದ. ಕಟ್ಟಳೆ ಮಾಡಿದವರು ಫೋನನ್ನು ಮರೆತಿದ್ದರು.

"ಅಲ್ಲ ಯವ್ವಾ, ನಮಗ ಕನ್ನಡ ಬರಂಗಿಲ್ಲಂತ ತಿಳ್ಕೊಂಡಿಯೇನು? ನಲವತ್ತು ವರ್ಷ ಚಿಂಚೋಳಿ ಸಂತಿ ಮಾಡೀನಿ. ನಿಮ್ಮ ಗೌಡ ತಾಂಡೂರಿನಾಗ ನನಕಿಂತ ಚಲೋ ತೆಲುಗು ಮಾತಾಡ್ತಾನ."

"ಮತ್ತ ನನ್ನ ಯಾಕ ಕುಂದ್ರಿಸೀರಿ ಮಾವ?"

"ನಡುವ ನೀ ಮಾತಾಡೋದ್ರಾಗ ನಮ್ಮ ಸಿಟ್ಟು ಇಳೀಲಿ ಅಂತ. ಬೈದಿದ್ದು ಕೇಳಿಲ್ಲ ಅನ್ನಾಕ ನಮಗೊಂದು ದಾರಿ ಬೇಕಲ್ಲ? ನೀ ನೋಡಿದ್ರ ಭಜಿ ಬಡಿಸಿದಂಗ ಬಿಸಿಬಿಸಿನೇ ಬಡಿಸಿದಿ."

ಹದಿನಾರು ವರ್ಷ ಓದಿದ ನನಗೆ ಇದನ್ನು ಯಾರೂ ಕಲಿಸಿರಲಿಲ್ಲ.

ಮುಂದಿನ ಭಾನುವಾರ ಗೌಡರು, "ಕದ್ದ ಮಾಲು ಮನ್ಯಾಗ ಇಟ್ಕೊಂಡವರ ಜೋಡಿ ಏನು ಮಾತಾಡೋದದ?" ಎಂದರು. ನಾನು ನೀರು ಕುಡಿದೆ. ಸೆರಗು ಸರಿ ಮಾಡಿಕೊಂಡೆ. ಆಮೇಲೆ ತೆಲುಗಿನಲ್ಲಿ, "ಗೇಟಿಗೆ ತುಕ್ಕು ಹಿಡಿದಿಲ್ಲವಷ್ಟೇ ಎಂದು ಗೌಡರು ಕೇಳುತ್ತಿದ್ದಾರೆ" ಎಂದೆ. ಮಾವ ತುಸು ಹೊತ್ತು ಯೋಚಿಸಿ, ಗ್ರೀಸ್ ಹಚ್ಚಿಟ್ಟಿದ್ದೇವೆ ಎಂದ. ನಾನದನ್ನು ಕನ್ನಡದಲ್ಲಿ ಹೇಳಿದೆ.

"ಗ್ರೀಸ್ ಚಲೋ ಮಾಡ್ಯಾರ" ಎಂದರು ಗೌಡರು.

ಹೀಗೆ ಇನ್ನೆರಡು ವಾರದಲ್ಲಿ ಗೇಟು ಯಾವಾಗ ಇಳಿಸಬೇಕು, ಯಾವಾಗ ಎತ್ತಬೇಕು ಎಲ್ಲ ತೀರ್ಮಾನವಾಯಿತು. ಇಬ್ಬರೂ ಕೂಡಿಯೇ ಇಳಿಸುವುದು, ಕೂಡಿಯೇ ಎತ್ತುವುದು. ಉಳಿದದ್ದು ಒಂದೇ: ಮೊದಲು ಗೇಟು ಬರಬೇಕೋ, ಮೊದಲು ಮುಳ್ಳು ಸರಿಯಬೇಕೋ. ಅಲ್ಲಿಗೆ ಬಂಡಿ ಹೂತುಕೊಂಡಿತು.

ಅಕ್ಕನಿಗೆ ಎಂಟು ತುಂಬಿತು. ಕಾಲು ಬಾತಿವೆ ಎಂದು ಫೋನಿನಲ್ಲಿ ಹೇಳಿದಳು. ಅವ್ವ ಕೌದಿ ಮುಗಿಸಿ ಎರಡನೆಯದಕ್ಕೆ ಕೈ ಹಚ್ಚಿದಳು. ನನ್ನನ್ನು ಏನೂ ಕೇಳಲಿಲ್ಲ, ದಾರ ಮಾತ್ರ ತರಲು ಹೇಳಿದಳು. ಅವಳು ಕೇಳಿದ್ದರೇ ಚೆನ್ನಾಗಿತ್ತು.

ಐದನೆಯ ಭಾನುವಾರವೂ ಗೌಡರು, "ಮೊದಲ ಗೇಟು ತರ್ರಿ, ಆಮ್ಯಾಲ ಉಳದಿದ್ದು" ಎಂದರು. ನಾನು ನೀರು ಕುಡಿದು ತೆಲುಗಿನಲ್ಲಿ ಹೇಳತೊಡಗಿದೆ: "ನಮ್ಮೂರ ಮಗಳು ನಿಮ್ಮ ಮನೆಯಲ್ಲಿ ತುಂಬಿದ ಬಸುರಿ. ಮುಳ್ಳು ನಾಳೆ ಬೆಳಿಗ್ಗೆ ನಾವೇ ತೆಗೆಯುತ್ತೇವೆ, ಅವಳನ್ನು ಕಳಿಸಿಕೊಡಿ ಎಂದು ಗೌಡರು ಹೇಳುತ್ತಿದ್ದಾರೆ."

ಇಪ್ಪತ್ತು ಜನಕ್ಕೂ ಎರಡೂ ಭಾಷೆ ಬರುತ್ತಿತ್ತು. ಮಾವ ನನ್ನನ್ನು ನೋಡದೆ, ಗೌಡರು ನಿಜವಾಗಿ ಹಾಗಂದರೇ, ಕೇಳು ಎಂದ.

"ನೀವು ಹಂಗ ಅಂದ್ರೇನು ಅಂತ ಕೇಳಾಕತ್ತಾರ್ರಿ" ಎಂದೆ.

ಗೌಡರು ತಲೆಯ ರುಮಾಲು ತೆಗೆದು ಮುಖ ಒರೆಸಿಕೊಂಡರು. ಮತ್ತೆ ಸುತ್ತಿಕೊಳ್ಳಲು ಭಾಳ ಹೊತ್ತು ಮಾಡಿದರು.

"ಹೂಂ, ಅಂದೀನಿ" ಎಂದರು. "ನಮ್ಮ ಅಂಗಳದಾಗ ಆಡಿ ಬೆಳೆದ ಕೂಸದು. ಇದನ್ನೂ ಹೇಳು."

ನಾನು ಹೇಳುವುದಕ್ಕೂ ಕಾಯದೆ ಮಾವ ಮುಂದಿದ್ದ ನಮ್ಮೂರ ಚಹಾದ ಕಪ್ಪು ಎತ್ತಿಕೊಂಡು ಕುಡಿದ. ಅದು ಆರಿ ತಣ್ಣಗಾಗಿತ್ತು, ಪೂರ್ತಿ ಕುಡಿದ.

ಮರುದಿನ ಬೆಳಿಗ್ಗೆ ಗೌಡರು ತಾವೇ ಬಾಂದಾರದ ಮೇಲೆ ಮುಳ್ಳು ಎಳೆಯುತ್ತಿದ್ದಾಗ ಆಚೆಯಿಂದ ಗೇಟು ಹೇರಿದ ಗಾಡಿ ಬಂತು. ಮುಳ್ಳು ಮೊದಲೋ ಗೇಟು ಮೊದಲೋ ಎಂದು ಇವತ್ತಿಗೂ ಎರಡೂ ಊರಲ್ಲಿ ವಾದವಿದೆ. ಗಾಡಿಯ ಹಿಂದೆ ಅಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ನಡೆದು ಬಂದಳು. ನಡು ಬಾಂದಾರದಲ್ಲಿ ನನ್ನ ಭುಜ ಹಿಡಿದು ನಿಂತಳು.

"ಇಷ್ಟು ದಿನ ಏನು ಮಾತಾಡಾಕತ್ತಿದ್ರಿ ನೀವು?"

"ಗ್ರೀಸಿನ ಬಗ್ಗೆ" ಎಂದೆ. ಅಂದವಳೇ ಎರಡೂ ಊರಿನ ಎದುರಿಗೆ ಅತ್ತುಬಿಟ್ಟೆ. ಗೌಡರು ಇನ್ನೊಂದು ಮುಳ್ಳಿನ ಕೊಂಬೆ ಹುಡುಕುತ್ತ ಆಚೆ ತಿರುಗಿದರು. ಅಲ್ಲಿ ಮುಳ್ಳು ಉಳಿದಿರಲಿಲ್ಲ.