ಪ್ರೊಜೆಕ್ಟರಿಗೆ ಹಾಕಿದ ಚೆಂಡುಹೂವಿನ ಹಾರ

ನಮ್ಮ ತುಮಕೂರಿನ ಮನೆಯ ಹಾಲಿನಲ್ಲಿ, ನನ್ನ ಧಾರೆಸೀರೆಯ ಸೆರಗನ್ನೇ ಕತ್ತರಿಸಿ ಹೊಲಿಸಿದ ಮುಸುಕು ಹೊದ್ದು ಕುಳಿತಿರುವ ಮಹಾನುಭಾವ ಯಾರೆಂದು ಕೇಳುತ್ತೀರಾ? ನಮ್ಮೆಜಮಾನರ ಪ್ರೊಜೆಕ್ಟರು. ಅದರೊಳಗಿನ ದೀಪಕ್ಕೆ ಇಂತಿಷ್ಟೇ ಗಂಟೆಗಳ ಆಯಸ್ಸು ಎಂದು ಅಂಗಡಿಯವರು ಹೇಳಿದ್ದೇ ತಡ, ಇವರು ಅದರ ಪ್ರಾಣರಕ್ಷಣೆಗೆ ಟೊಂಕ ಕಟ್ಟಿದರು. ನೆಂಟರು ಬಂದರೆ ಹಚ್ಚುವುದು, ಅವರು ಬೆರಗಿನಿಂದ ತೆರೆದ ಬಾಯಿ ಮುಚ್ಚುವ ಮೊದಲೇ ಆರಿಸಿ ಗೋಡೆಯ ಸ್ವಿಚ್ಚನ್ನೂ ಪಟ್ಟೆಂದು ಒತ್ತುವುದು. ಅಂಥ ದೀಪ ಸವೆಯುವುದೇ ಹೀಗೆ ಪದೇ ಪದೇ ಹಚ್ಚಿ ಆರಿಸುವುದರಿಂದ, ಆರಿಸಿದ ಮೇಲೂ ಒಳಗಿನ ಫ್ಯಾನು ತಿರುಗಿ ಅದು ತಣ್ಣಗಾಗಬೇಕು ಎಂದು ನಾನು ಹೇಳಿದರೆ, ಹೆಂಡತಿ ಹೇಳಿದ ವಿಜ್ಞಾನ ಯಾವ ಗಂಡನ ಕಿವಿಗೆ ಬಿದ್ದೀತು ಹೇಳಿ. ನಮ್ಮಲ್ಲಿ ಅನುಭವಿಸುವುದಕ್ಕಿಂತ ಕಾಪಾಡುವುದೇ ದೊಡ್ಡ ಪುಣ್ಯ. ಹೊಸ ಸೋಫಾದ ಪ್ಲಾಸ್ಟಿಕ್ಕು ತೆಗೆಯುವಷ್ಟರಲ್ಲಿ ಸೋಫಾವೇ ಹಳತಾಗಿರುತ್ತದೆ.

ಕುಣಿಗಲ್ಲಿನಿಂದ ಬಂದು ನಮ್ಮ ಜೊತೆಯಲ್ಲಿರುವ ಅತ್ತೆಗೆ ಕಣ್ಣು ಮಂಜು. ಚಿತ್ರ ಗೋಡೆಯ ತುಂಬ ದೊಡ್ಡದಾಗಿ ಬಿದ್ದರೆ ಮಾತ್ರ ಮುಖದ ಗುರುತು ಸಿಗುತ್ತದೆ. ಅವರ ಆಸೆ ಒಂದೇ: ಗುಬ್ಬಿಯ ಛತ್ರದಲ್ಲಿ ನಡೆದ ನಮ್ಮ ಮದುವೆಯ ವಿಡಿಯೋದಲ್ಲಿ, ಈಗಿಲ್ಲದ ಮಾವ ಪಂಕ್ತಿಯಲ್ಲಿ ಓಡಾಡುತ್ತ ಹೋಳಿಗೆಗೆ ತುಪ್ಪ ಬಡಿಸುವುದನ್ನು ನೋಡಬೇಕು. ಊಟದ ಭಾಗ ಬರುವುದು ಕೊನೆಗೆ; ಅಷ್ಟರಲ್ಲಿ ಇವರಿಗೆ ದೀಪದ ಆಯಸ್ಸು ನೆನಪಾಗಿರುತ್ತದೆ. ಅತ್ತೆ ಪುರೋಹಿತರನ್ನು ಎಷ್ಟೋ ಸಲ ನೋಡಿದ್ದಾರೆ, ಗಂಡನನ್ನು ಒಮ್ಮೆಯೂ ಇಲ್ಲ.

ಈ ಸಲದ ಆಯುಧಪೂಜೆಗೆ ಸ್ಕೂಟರಿಗೂ ಮಿಕ್ಸಿಗೂ ಒಂದೊಂದು ಹೂವಾದರೆ, ಪ್ರೊಜೆಕ್ಟರಿಗೆ ಮೈತುಂಬ ವಿಭೂತಿ, ಲೆನ್ಸಿಗೆ ಕುಂಕುಮ, ಸುತ್ತಲೂ ಚೆಂಡುಹೂವಿನ ಹಾರ. ಹಬ್ಬದ ದಿನವಾದರೂ ಪೂರ್ತಿ ತೋರಿಸಿ ಎಂದು ನಾನು ಪಟ್ಟು ಹಿಡಿದೆ. ಹಚ್ಚಿದರು. ಎಲೆ ಬಂತು, ತುಪ್ಪದ ಗಿಂಡಿ ಹಿಡಿದ ಕೈ ಬಂತು. ಮುಖ ಬರುವ ಮೊದಲೇ ಗೋಡೆ ಕತ್ತಲಾಯಿತು.

“ಹೋಯ್ತು ಕಣಮ್ಮ, ಲ್ಯಾಂಪ್ ಸತ್ತೋಯ್ತು,” ಎಂದು ಇವರು ತಲೆಯ ಮೇಲೆ ಕೈ ಹೊತ್ತು ಕುಳಿತರು.

ಅತ್ತೆ ಎದ್ದು ಬಂದು ಅದರ ಮೈ ಮುಟ್ಟಿ ನೋಡಿದರು. “ಸತ್ತಿಲ್ಲ ಬುಡ್ಲಾ, ಕಾದದೆ.”

ನೋಡಿದರೆ, ಬಿಸಿಗಾಳಿ ಹೊರಹೋಗುವ ಜಾಲರಿಗೇ ಹಾರ ಬಿಗಿದಿತ್ತು. ನಾನು ಅರೆಬೆಂದ ಹೂವನ್ನೆಲ್ಲ ಕಿತ್ತುಹಾಕಿದೆ. ಭಕ್ತಿಗೆ ಸಿಕ್ಕಿದ ಯಂತ್ರ ಉಸಿರಾಡಲು ಅರ್ಧ ಗಂಟೆ ಹಿಡಿಯಿತು.

ಮತ್ತೆ ಹಚ್ಚಿದಾಗ ಮಾವ ಬಂದರು, ಗೋಡೆಯಷ್ಟು ದೊಡ್ಡದಾಗಿ, ಕುಂಕುಮದ ಕೆಂಪು ಮಬ್ಬಿನಲ್ಲಿ ನಗುತ್ತ. ನಾನು ಲೆನ್ಸು ಒರೆಸಲು ಹೋದೆ.

“ಇರ್ಲಿ ಬುಡವ್ವ, ಕಾಣ್ತಾವ್ರೆ,” ಎಂದರು ಅತ್ತೆ.

ತುಸು ಹೊತ್ತಿಗೆ ಇವರ ಕೈ ಅಭ್ಯಾಸಬಲದಿಂದ ರಿಮೋಟಿನ ಕಡೆಗೆ ಸರಿಯಿತು. ಅತ್ತೆ ಗೋಡೆಯಿಂದ ಕಣ್ಣು ಕೀಳಲಿಲ್ಲ.

“ಏನ್ಲಾ ಅವಸರ? ನಿಮ್ಮಪ್ಪ ಇನ್ನೂ ಬಡಿಸ್ತಾವ್ರೆ. ಪಂಕ್ತಿ ಮುಗೀಲಿ.”

ಇವರು ಕೈ ಹಿಂದೆಗೆದುಕೊಂಡರು. ಪಕ್ಕದಲ್ಲಿದ್ದ ಮುಸುಕನ್ನೇ ಎತ್ತಿಕೊಂಡು, ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡರು. ಗೋಡೆಯ ಮೇಲೆ ನಾನು ಅದೇ ಧಾರೆಸೀರೆಯುಟ್ಟು, ಸೆರಗು ಇಡಿಯಾಗಿ ಹೊದ್ದು, ಮಾವ ಬಡಿಸಿದ್ದನ್ನು ಉಣ್ಣುತ್ತಿದ್ದೆ.