ನನ್ನ ಉಂಡೆಯೊಳಗಿನ ನತ್ತು

ಮಾಟ, ಅಂಜನ, ಕಣಿ ಇಂಥವನ್ನು ನಾನು ನಂಬಿದವಳಲ್ಲ. ಕಾಲೇಜಿನಲ್ಲಿ ಅಪರಾಧ ಮನಶ್ಶಾಸ್ತ್ರ ಕಲಿಸುತ್ತೇನೆ. ಮನುಷ್ಯ ಯಾಕೆ ಕದಿಯುತ್ತಾನೆ, ಕದಿಯದವನೂ ಯಾಕೆ ತಪ್ಪೊಪ್ಪಿಕೊಳ್ಳುತ್ತಾನೆ ಎಂದು ಹೇಳುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಇದನ್ನು ಬರೆಯಲು ತುಸು ನಾಚಿಕೆಯೇ.

ಕೆಲವು ವರ್ಷಗಳ ಹಿಂದೆ ದೀಪಾವಳಿಗೆ ಯರಗುಪ್ಪಿಯ ಚಿಗವ್ವನ ಮನೆಗೆ ಹೋಗಿದ್ದೆ. ತಲೆಗೆ ನೀರು ಎರೆದುಕೊಳ್ಳುವಾಗ ತೆಗೆದು ಗೋಡೆಯ ಗೂಡಿನಲ್ಲಿಟ್ಟ ಅವಳ ಮುತ್ತಿನ ನತ್ತು ಕಾಣೆಯಾಯಿತು. ಮನೆಯೆಲ್ಲ ತಡಕಾಡಿದ ಮೇಲೆ ಓಣಿಯವರ ಬಾಯಿ ನಿಂಗವ್ವನ ಕಡೆ ತಿರುಗಿತು. ಇಪ್ಪತ್ತು ವರ್ಷ ಆ ಮನೆಯಲ್ಲಿ ರೊಟ್ಟಿ ಬಡಿದವಳು, ನಾನು ಹೋದಾಗಲೆಲ್ಲ ಕೆನೆಮೊಸರು ಎತ್ತಿಡುವವಳು.

ಮರುದಿನ ಅವಳು ಒಳಗೆ ಬರಲಿಲ್ಲ. ಕಟ್ಟೆಯ ಮೇಲೆ ಕೂತು, "ಎಲ್ಲಾರೂ ಅನ್ನಾಕತ್ತಾರಂದ್ರ ನಾನಽ ತಗೊಂಡಿರಬೇಕ್ರಿ. ನನಗ ನೆನಪಿಲ್ಲಷ್ಟ" ಅಂದಳು. ಪಾಠದಲ್ಲಿ ನೂರು ಸಲ ಹೇಳಿದ ಮಾತನ್ನೇ ಅವಳ ಬಾಯಲ್ಲಿ ಕೇಳಿದೆ.

"ಸುಮ್ನಿರ ಬೇ ಹುಚ್ಚಿ, ನಾಳೆ ಉಂಡಿ ಇಡೂಣು" ಅಂದಳು ಚಿಗವ್ವ.

ಅದು ಅಲ್ಲಿಯ ಹಳೆಯ ಪದ್ಧತಿ. ಒಡವೆ ಕಳೆದ ದಿನ ಮನೆಗೆ ಬಂದುಹೋದವರೆಲ್ಲ ಹೊಲದ ಕಪ್ಪು ಯರಿಮಣ್ಣಿನ ಒಂದೊಂದು ಉಂಡೆ ಮಾಡಿ ಬುಟ್ಟಿಯಲ್ಲಿ ಇಡಬೇಕು. ಕದ್ದವರು ಒಳಗೆ ಒಡವೆ ಹುದುಗಿಸಿಟ್ಟರೆ ಮುಗಿಯಿತು, ಯಾರದೆಂದು ಕೇಳುವಂತಿಲ್ಲ. ನಾನು ನಕ್ಕೆ. "ನಗಬ್ಯಾಡ. ತಪ್ಪ ಮಾಡಿದವರಿಗೆ ತಿರುಗಿ ಬರಾಕ ಒಂದ್ ಬಾಗಲಾ ಬೇಕಲ್ಲ? ನೀನೂ ಇಡು" ಅಂದಳು.

ನಾನೂ ಮಾಡಿದೆ. ಹರಳು ಆರಿಸಿ, ನೀರು ಹಾಕಿ ಚೆನ್ನಾಗಿ ನಾದಿದೆ. ನನ್ನದು ಯಾವುದೆಂದು ಆಮೇಲೆ ಗುರುತು ಸಿಗಲೆಂದು ಪೆನ್ನಿನ ಮುಚ್ಚಳದಿಂದ ಮೂರು ಚುಕ್ಕೆ ಒತ್ತಿದೆ. ಬುಟ್ಟಿ ತುಂಬುವ ತನಕ ಅದರ ಬಾಜೂಕೇ ಕೂತಿದ್ದೆ.

ಚಿಗವ್ವ ಬಾಗಿಲು ಹಾಕಿ ಒಂದೊಂದನ್ನೇ ಬೋಗಣಿಯ ನೀರಿನಲ್ಲಿ ಒಡೆದಳು. ಯಾವುದು ಯಾರದೆಂದು ತಿಳಿಯುವಂತಿರಲಿಲ್ಲ, ನನ್ನದೊಂದನ್ನು ಬಿಟ್ಟು. ಮೂರು ಚುಕ್ಕೆಯ ಉಂಡೆ ಒಡೆದಾಗ ಒಳಗಿನಿಂದ ನತ್ತು ಬಂತು.

ಚಿಗವ್ವ ನನ್ನ ಮುಖ ನೋಡಿದಳು. ಉಂಡೆ ನನ್ನದೆಂದು ಅದರಲ್ಲೇ ಅವಳಿಗೆ ತಿಳಿದಿರಬೇಕು. "ಸಿಕ್ತಲ್ಲ, ಆತು ಬಿಡು" ಎಂದು ನತ್ತನ್ನು ಸೆರಗಿನಲ್ಲಿ ಒರೆಸಿ, ಹೊರಗೆ ಹೋಗಿ ನಿಂಗವ್ವನ ಕೈ ಹಿಡಿದು ಒಳಗೆ ಕರೆತಂದಳು. ನಿಂಗವ್ವ ಅಳುತ್ತಲೇ ಒಲೆ ಹೊತ್ತಿಸಿದಳು. ನಾನಲ್ಲ ಎಂದು ಹೇಳಲು ಬಾಯಿ ತೆರೆದವಳು ಅವಳನ್ನು ನೋಡಿ ಸುಮ್ಮನಾದೆ. ನಾನಲ್ಲವೆಂದರೆ ಮಾತು ಮತ್ತೆ ಆ ಬಡಪಾಯಿಯ ತಲೆಗೇ ಬರುತ್ತಿತ್ತು. ಅವತ್ತು ಚಿಗವ್ವ ನನ್ನ ತಾಟಿಗೆ ತುಪ್ಪ ಹೆಚ್ಚೇ ಬಡಿಸಿದಳು.

ನಾದುವಾಗ ನತ್ತಿನ ತಂತಿ ಬೆರಳಿಗೆ ಚುಚ್ಚದೆ ಇರುತ್ತಿತ್ತೇ? ನನ್ನ ಕಣ್ಣು ತಪ್ಪಿಸಿ ಯಾರು ಅದರೊಳಗೆ ಇಟ್ಟಾರು? ಇಂದಿಗೂ ಗೊತ್ತಿಲ್ಲ. ಸುಳ್ಳು ತಪ್ಪೊಪ್ಪಿಗೆಯ ಪಾಠ ಬಂದಾಗ ನಿಂಗವ್ವನ "ನಾನಽ ತಗೊಂಡಿರಬೇಕು" ಎಂಬ ಮಾತು ನನ್ನದೇ ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ.

ಚಿಗವ್ವ ಈ ತನಕ ಏನೂ ಕೇಳಿಲ್ಲ. ನಾನು ಹೋದಾಗ ಮೊದಲಿನಂತೆಯೇ ನತ್ತು ತೆಗೆದು ನನ್ನೆದುರೇ ಗೂಡಿನಲ್ಲಿಟ್ಟು ಎರೆದುಕೊಳ್ಳಲು ಹೋಗುತ್ತಾಳೆ. ಅವಳು ಬರುವ ತನಕ ನಾನು ಎರಡೂ ಕೈ ಮಡಿಲಲ್ಲಿ ಬಿಗಿಯಾಗಿ ಹಿಡಿದು ಕೂತಿರುತ್ತೇನೆ.