ಅವ್ವ ಆರಿಸಿದ ನಾಲ್ಕು ಟೈರು

ಟೈರು ಸಿಡಿಯುವ ಮೊದಲು ಯಾರೋ ತನ್ನ ಹೆಸರು ಹಿಡಿದು ಕರೆದರು ಎಂದು ಅವ್ವ ಹೇಳುತ್ತಾಳೆ. ತಿಕೋಟಾ ದಾಟಿ ಬಿಜ್ಜರಗಿಗೆ, ಸಂಬಂಧಿಕರ ಮಗುವಿನ ತೊಟ್ಟಿಲ ಕಾರ್ಯಕ್ಕೆ ಹೊರಟಿದ್ದೆವು. ಮಧ್ಯಾಹ್ನ. ರಸ್ತೆಯ ಎರಡೂ ಬದಿ ದ್ರಾಕ್ಷಿ ತೋಟ. ಹಿಂದಿನ ಸೀಟಿನಲ್ಲಿದ್ದ ಅವ್ವ "ಓ" ಎಂದು ಓಗೊಟ್ಟಳು. ಆಮೇಲೆ ಟೈರು ಸಿಡಿಯಿತು. ಅಥವಾ ಮೊದಲು ಟೈರು, ಆಮೇಲೆ "ಓ". ಈ ಎರಡರ ಕ್ರಮ ನನ್ನ ತಲೆಯಲ್ಲಿ ದಿನಕ್ಕೊಂದು ಥರ ಇರುತ್ತದೆ.

ಕರೆದ ದನಿ ತನ್ನ ತಂಗಿಯದು ಎಂದಳು. ಬಬಲೇಶ್ವರದಲ್ಲಿರುವ ಆ ಚಿಕ್ಕಮ್ಮ ಅದೇ ಗಳಿಗೆಯಲ್ಲಿ ಲಕ್ವಾ ಹೊಡೆದು ಮಾತು ಕಳೆದುಕೊಂಡಳು ಎನ್ನುತ್ತಾರೆ ಮನೆಯವರು. ನನಗೆ ನೆನಪಿರುವಂತೆ ಫೋನು ಬಂದದ್ದು ಮರುದಿನ. ಹೇಳುವಾಗ ಒಬ್ಬೊಬ್ಬರೂ ಒಂದಿಷ್ಟು ಹತ್ತಿರ ಎಳೆದು, ಎರಡನ್ನೂ ಒಂದರ ಮೇಲೊಂದು ಕೂರಿಸಿಬಿಟ್ಟಿದ್ದೇವೆ.

ಆ ದನಿ ಗಾಲಿಯೊಳಗಿಂದಲೇ ಬಂತು ಎಂದು ಅಂದಿನಿಂದ ಅವ್ವ ಕಾರು ಹತ್ತಲಿಲ್ಲ. ಬಸ್ಸಿನ ಮೆಟ್ಟಿಲು ಅವಳ ಮೊಣಕಾಲಿಗೆ ಆಗದು. ತಂಗಿಯ ಸ್ಥಿತಿಯೋ ಕೆಡುತ್ತಲೇ ಇತ್ತು. ಇನ್ನು ತಡವಾದರೆ ಮುಖ ನೋಡಲೂ ಸಿಗಲಿಕ್ಕಿಲ್ಲ ಎಂದು ಡಾಕ್ಟರು ಅಂದ ಮೇಲೆ ಅವ್ವ ಹೇಳಿದಳು:

"ನಾಕೂ ಗಾಲಿ ಬದಲ ಮಾಡು. ನಾನ ಆರಸತೇನಿ."

ವಿಜಯಪುರದ ಟೈರಿನ ಅಂಗಡಿಗೂ ಅವಳು ಬಂದದ್ದು ಆಟೋದಲ್ಲಿ. ನಾನು ಖಾಲಿ ಕಾರು ಓಡಿಸಿಕೊಂಡು ಬಂದೆ. ಬಿಸಿಲಿಗೆ ಯಾವುದು ತಾಳುತ್ತದೆ, ಯಾವುದರ ಹಿಡಿತ ಚೆನ್ನ ಎಂದು ನಾನು ಅಂಗಡಿಯವನನ್ನು ಕೇಳುತ್ತಿರುವಾಗಲೇ ಅವ್ವ ಟೈರುಗಳ ಸಾಲಿನ ಮುಂದೆ ಸ್ಟೂಲು ಎಳೆದುಕೊಂಡು ಕೂತು ಬೆರಳಗೆಣ್ಣಿನಿಂದ ತಟ್ಟಿ ತಟ್ಟಿ ಕಿವಿ ಇಡುತ್ತಿದ್ದಳು. ಬೇಸಿಗೆಗೆ ಸಂತೆಯಲ್ಲಿ ಮಡಕೆ ಕೊಳ್ಳುವುದು ಹೀಗೆಯೇ. ಮಡಕೆ ಠಣ್ ಎಂದರೆ ಮಾತ್ರ ತರುತ್ತಾಳೆ. ಇಲ್ಲಿ ತಿರುಗಾಮುರುಗಾ. ಸದ್ದು ಕೊಟ್ಟದ್ದನ್ನೆಲ್ಲ ಬದಿಗೆ ತಳ್ಳಿದಳು.

"ಯವ್ವಾ, ಇವು ಗಡಗಿ ಅಲ್ರಿ, ನೀರ ಸೋರಾಂಗಿಲ್ಲ," ಎಂದ ಅಂಗಡಿಯವ.

"ಮಾತ ಸೋರತಾವೋ ಯಪ್ಪಾ. ಸುಮ್ಮಿರು."

"ಹೊಸಾವೆಲ್ಲಾ ಮೂಕ ಇರತಾವ್ರಿ. ರೋಡಿಗೆ ಇಳದ ಮ್ಯಾಲ ಮಾತ ಕಲೀತಾವ."

ನಕ್ಕ. ಅವ್ವನ ಮುಖ ನೋಡಿ ನಿಲ್ಲಿಸಿದ.

ಒಂದು ಟೈರಿನ ಮುಂದೆ ಅವಳು ಬಹಳ ಹೊತ್ತು ಕೂತಳು. ಕಿವಿ ತೆಗೆಯಲೇ ಇಲ್ಲ.

"ಏನಬೇ?" ಎಂದೆ.

"ಇದರಾಗ ಉಸರೈತಿ." ತಾನೇ ಉರುಳಿಸಿಕೊಂಡು ಹೋಗಿ ಅದನ್ನು ಗೋಡೆಗೆ ಒರಗಿಸಿ ಬಂದಳು. ನಾವು ಇರುವತನಕ ಅಂಗಡಿಯವ ಅದನ್ನು ಮುಟ್ಟಲಿಲ್ಲ. ನಾನೂ ಆ ಟೈರಿಗೆ ಕಿವಿ ಇಟ್ಟೆ ಎಂದು ಮೊದಲು ಬರೆದಿದ್ದೆ. ಹೊಡೆದು ಹಾಕಿದ್ದೇನೆ. ಇಟ್ಟಿದ್ದರೆ ಏನು ಕೇಳಿಸಿತು ಎಂಬುದನ್ನೂ ಬರೆಯಬೇಕಾಗುತ್ತಿತ್ತು.

ಕೊನೆಗೆ ನಾಲ್ಕು ಸಿಕ್ಕವು. ಅಳತೆ ಒಂದೇ, ಆದರೆ ನಾಲ್ಕೂ ಬೇರೆ ಬೇರೆ ಕಂಪನಿ, ನಾಲ್ಕು ಥರದ ಗೆರೆ.

"ಹಿಂಗ ಹಾಕಬಾರದ್ರಿ ಸರ್. ಗಾಡಿ ಒಂದ ಕಡೆ ಎಳೀತೈತಿ."

"ಎಳೀಲಿ, ಹಾಕು," ಎಂದಳು ಅವ್ವ. ಇದು ತಪ್ಪು ಎಂದು ಗೊತ್ತಿದ್ದೂ ನಾನು ತಲೆಯಾಡಿಸಿದೆ. ಹಾಕಿದ ಮೇಲೆ ಅವಳು ಯಾರೂ ಕರೆಯದೆ ಹಿಂದಿನ ಬಾಗಿಲು ತೆಗೆದು ಕೂತಳು.

ಬಬಲೇಶ್ವರದ ದಾರಿಯಲ್ಲಿ ಕಾರು ಅಷ್ಟು ಸದ್ದಿಲ್ಲದೆ ಎಂದೂ ಓಡಿರಲಿಲ್ಲ. ಸ್ಟೇರಿಂಗು ಮಾತ್ರ ಎಡಕ್ಕೆ ಜಗ್ಗುತ್ತಿತ್ತು, ಕೈ ಹಿಡಿದು ಕರೆದೊಯ್ಯುವವರ ಹಾಗೆ. ನಾನು ಬಿಗಿಯಾಗಿ ಬಲಕ್ಕೆ ಹಿಡಿದಿದ್ದೆ.

"ಅಷ್ಟ ಯಾಕ ಗುದ್ಯಾಡತಿ? ಅದಕ್ಕ ಗೊತ್ತೈತಿ ಮನಿ," ಎಂದಳು.

ನಿಧಾನ ಮಾಡಿದೆ. ಅವ್ವ ಕಿಟಕಿ ಇಳಿಸಿದಳು. ಸ್ವಲ್ಪ ಹೊತ್ತಿನ ನಂತರ ಗಾಬರಿಯಿಂದ, "ಏನೂ ಕೇಳಸವಲ್ದಲೋ," ಎಂದಳು. ಬೇಡ ಎಂದದ್ದನ್ನೇ ಅವಳು ಹುಡುಕುತ್ತಿದ್ದಳು ಎಂದು ನನಗೆ ಆಗ ಹೊಳೆಯಿತು. ದನಿ ಕೇಳಿಸದಿದ್ದರೆ ತಂಗಿ ಇಲ್ಲ ಎಂದೇ ಅರ್ಥವೇನೋ ಎಂಬ ದಿಗಿಲು ಅವಳದು.

ಚಿಕ್ಕಮ್ಮ ಇದ್ದಳು. ನಡುಮನೆಯ ಮಂಚದ ಮೇಲೆ, ಕಣ್ಣು ಅರೆ ತೆರೆದು, ಮೂಗಿನಲ್ಲಿ ನಳಿಕೆ. ಅವ್ವ ಅವಳ ಕೈ ಹಿಡಿದು ಕೂತಳು.

"ಹೂಂ, ಬಂದೇನಿ," ಎಂದಳು ಅವ್ವ. ಸ್ವಲ್ಪ ಬಿಟ್ಟು, "ನಾನ ದಪ್ಪ ಆಗೇನೇನ? ನೀ ಭಾಳ ತೆಳ್ಳಗ ಇದ್ದಿ ನೋಡು!" ಮತ್ತೆ ಕಿವಿ ಹತ್ತಿರ ತಂದಳು, ತಲೆ ಆಡಿಸಿದಳು, ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಚಿಕ್ಕಮ್ಮನ ತುಟಿ ಅಲುಗಿರಲಿಲ್ಲ. ನಾನು ನೋಡುತ್ತಲೇ ಇದ್ದೆ.

ಅವ್ವ ನನ್ನ ಕಡೆ ತಿರುಗಿದಳು. "ದ್ರಾಕ್ಷಿ ಬೇಕಂತ. ಒಣಾವ ಅಲ್ಲ, ಹಸೀವು. ಹೋಗಿ ತಗೊಂಬಾ."

ಬಾಗಿಲ ಬಳಿ ನಿಂತಿದ್ದ ಚಿಕ್ಕಮ್ಮನ ಸೊಸೆ ಪಿಸುಗುಟ್ಟಿದಳು: "ಅತ್ತೀಗೆ ನೀರೂ ಬಾಯಿಂದ ಇಳಿಯಾಂಗಿಲ್ಲರಿ."

"ಹೋಗೋ, ಕಾಯಾಕತ್ತಾಳ," ಎಂದಳು ಅವ್ವ.

ನಾನು ಕೀ ತೆಗೆದುಕೊಂಡು ದ್ರಾಕ್ಷಿ ತರಲು ಹೋದೆ.